ಟವೆಲ್ಲಿನಡಿಯ ತೊಂಬತ್ತೈದು

ನಮ್ಮ ಬುಕ್ಕಾಂಬುಧಿಯ ಓಂಕಾರಮೂರ್ತಿಗೆ ಗೊತ್ತಿಲ್ಲದ ವಿಷಯಗಳು ಬೇಕಾದಷ್ಟಿವೆ. ಅವುಗಳ ಬಗ್ಗೆಯೂ ಅವನು ಧಾರಾಳವಾಗಿ ಮಾತನಾಡುತ್ತಾನೆ. ಆದರೆ ಕರು ನೋಡುವ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಅಜ್ಜಂಪುರದಿಂದ ಕಡೂರಿನವರೆಗೆ ಇಲ್ಲ ಎಂಬುದನ್ನು ಅವನನ್ನು ಕಂಡರಾಗದವರೂ ಒಪ್ಪುತ್ತಾರೆ. ಎದುರುಮನೆಯವನಾದ ನಾನೂ ಒಪ್ಪುತ್ತೇನೆ. ಅಮೃತಮಹಲ್ ಕರುಗಳ ಹರಾಜಿದ್ದ ದಿನ ಸುತ್ತಲಿನ ಊರಿನವರು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಅವನು ಹೂಂ ಅಂದರೆ ಕರು ಮನೆಗೆ, ಉಹೂಂ ಅಂದರೆ ಬರಿಗೈಯಲ್ಲಿ ವಾಪಸ್ಸು.

ಈ ಪ್ರಕರಣ ಶುರುವಾಗುವ ಹಿಂದಿನ ವಾರ ಎಮ್ಮೆದೊಡ್ಡಿಯ ಬೀರಪ್ಪ ಒಂದು ಹೋರಿಗರು ತಂದು ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದ. ಓಂಕಾರಮೂರ್ತಿ ಅದರ ಸುತ್ತ ಮೂರು ಸುತ್ತು ಬಂದ. ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನ ಮೇಲಿನ ಸುಳಿ ನೋಡಿದ, ಗೊರಸು ಎತ್ತಿ ನೋಡಿದ. ಕೊನೆಗೆ ಇಪ್ಪತ್ತು ಹೆಜ್ಜೆ ದೂರ ಹೋಗಿ ಸದ್ದಿಲ್ಲದೆ ನಿಂತು ಹೆಗಲ ಮೇಲಿನ ಟವೆಲ್ ಬೀಸಿದ. ಕರು ಸುಮ್ಮನಿತ್ತು. ಹಗ್ಗ ಬಿಚ್ಚಿದ ಮೇಲೆ ಕತ್ತು ಮುಂದಕ್ಕೆ ಚಾಚಿಕೊಂಡು, ಒಂದೊಂದೇ ಹೆಜ್ಜೆ ಅಳೆದು ಇಡುತ್ತಾ ಬಂದು ಅವನ ಹೊಟ್ಟೆಗೇ ಮೂತಿ ತಾಗಿಸಿತು.

"ಹಲ್ಲು ಚೆನ್ನಾಗೈತೆ, ಗೊರಸು ಚೆನ್ನಾಗೈತೆ, ಸುಳಿ ಬಗ್ಗೆ ಮಾತೇ ಇಲ್ಲ. ಆದ್ರೆ ಕಣ್ಣು ಮಂದ ಕಣೋ ಬೀರಪ್ಪ," ಅಂದ ಓಂಕಾರಮೂರ್ತಿ. "ನಡಿಗೆ ನೋಡಿದ್ರೇ ಗೊತ್ತಾಗ್ತದೆ. ಮೊದ್ಲು ದನದ ಡಾಕ್ಟ್ರಿಗೆ ತೋರ್ಸು."

ಬೀರಪ್ಪ ಕರು ಹೊಡೆದುಕೊಂಡು ಹೋದ. ಹೋಗುವಾಗ ಅವನು, "ಓಂಕಾರಣ್ಣ, ಒಟ್ಟು ಇದಕ್ಕೆ ನೂರಕ್ಕೆ ಎಷ್ಟು ಮಾರ್ಕ್ಸು?" ಎಂದು ಕೇಳಿದ್ದರೆ ಓಂಕಾರಮೂರ್ತಿ ಅವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದ. ಬೀರಪ್ಪ ಕೇಳಲಿಲ್ಲ. ಬೀರಪ್ಪ ಸ್ಕೂಲಿಗೆ ಹೋದವನಲ್ಲ.

ಓಂಕಾರಮೂರ್ತಿಗೆ ಒಬ್ಬಳೇ ಮಗಳು, ನಿಶ್ಚಿತಾ. ವಯಸ್ಸು ಏಳು, ಮುಂದಿನ ಎರಡು ಹಲ್ಲು ಬಿದ್ದಿವೆ. ಅಜ್ಜಂಪುರದ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿ. ಶಾಲೆಯ ಹೆಸರು ಹೇಳಿದರೆ ಹೆಡ್‌ಮಾಸ್ಟರು ಬೇಜಾರು ಮಾಡಿಕೊಳ್ಳುತ್ತಾರೆ, ಆದ್ದರಿಂದ ಬೇಡ. ಆ ಶಾಲೆಯಲ್ಲಿ ಈ ವರ್ಷದಿಂದ ಚಿಕ್ಕ ಮಕ್ಕಳಿಗೆ ಮಾರ್ಕ್ಸ್ ಕಾರ್ಡ್ ತೆಗೆದು, ಪ್ರಗತಿ ಪತ್ರ ಎಂಬ ನಾಲ್ಕು ಪುಟದ ಬಣ್ಣದ ಕಾಗದ ಕೊಟ್ಟರು. ಅದನ್ನು ಅರ್ಥ ಮಾಡಿಸಲೆಂದೇ ಪೋಷಕರ ಸಭೆ ಕರೆದರು. ತರೀಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಮಾನಸ ಮಿಸ್ಸು ಮುಕ್ಕಾಲು ಗಂಟೆ ನಿಂತು ವಿವರಿಸಿದಳು.

"ಇದರಲ್ಲಿ ಮಾರ್ಕ್ಸ್ ಇಲ್ಲ, ರ್‍ಯಾಂಕ್ ಇಲ್ಲ. ಕೂಡೋದು, ಕಳೆಯೋದು, ಓದೋದು, ಬರೆಯೋದು, ಒಂದೊಂದಕ್ಕೂ ಒಂದೊಂದು ಸಾಲಿದೆ. ಮಗು ಅದನ್ನ ಈಗ ಶುರು ಮಾಡಿದ್ಯಾ, ಕಲೀತಾ ಇದ್ಯಾ, ಪೂರ್ತಿ ಕಲಿತಾಯ್ತಾ ಅಂತ ಗುರುತು ಹಾಕಿದೀನಿ. ಪಕ್ಕದ ಮಗು ಜೊತೆ ಹೋಲಿಸೋಕಲ್ಲ ಇದು. ನಾಲ್ಕನೇ ಪುಟದಲ್ಲಿ ನಿಮ್ಮ ಮಗು ಬಗ್ಗೆ ನಾನೇ ಕೈಯಾರೆ ಬರೆದಿದೀನಿ. ದಯವಿಟ್ಟು ಅದನ್ನ ಓದಿ."

ಹದಿನೆಂಟು ಮಕ್ಕಳ ಪೋಷಕರೂ ತಲೆದೂಗಿದರು. ನಮ್ಮ ಬೀದಿಯ ಕೊನೆಯ ಮನೆಯ ಸಿದ್ದಲಿಂಗೇಶ ಎದ್ದು ನಿಂತ. ಅವನ ಮಗನೂ ಅದೇ ತರಗತಿ.

"ಭಾಳ ಚೆನ್ನಾಗಿ ಹೇಳಿದ್ರಿ ಮೇಡಂ. ಎಲ್ಲಾ ಅರ್ಥ ಆಯ್ತು. ಈಗ ಫಸ್ಟ್ ಯಾರು ಬಂದವ್ರೆ, ಅದೊಂದು ಹೇಳ್ಬಿಡಿ."

ಮಾನಸ ಮಿಸ್ಸು ಲೋಟದಲ್ಲಿದ್ದ ನೀರನ್ನು ಪೂರ್ತಿ ಕುಡಿದು ಮತ್ತೆ ಮೊದಲಿನಿಂದ ಶುರುಮಾಡಿದಳು.

ನಿಶ್ಚಿತಾಳ ನಾಲ್ಕನೇ ಪುಟದಲ್ಲಿ ಏನು ಬರೆದಿತ್ತೆಂದು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಓಂಕಾರಮೂರ್ತಿ ಓದುವವರೆಗೆ ಕಾಯುತ್ತಾ ಕೂತರೆ ನಮ್ಮ ಆಯುಷ್ಯ ಸಾಲದು. "ನಿಶ್ಚಿತಾ ಪುಸ್ತಕವನ್ನು ತುಂಬಾ ಚೆನ್ನಾಗಿ ಓದುತ್ತಾಳೆ. ಆದರೆ ಅವಳಿಗೆ ಬೋರ್ಡಿನ ಮೇಲಿನ ಅಕ್ಷರ ಕಾಣಿಸುತ್ತಿಲ್ಲ. ಸದ್ಯಕ್ಕೆ ಮೊದಲನೇ ಬೆಂಚಿನಲ್ಲಿ ಕೂರಿಸಿದ್ದೇನೆ. ತಡ ಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ." ಇಷ್ಟೇ. ಒಂದೇ ಒಂದು ಅಂಕಿ ಇಲ್ಲದ ಈ ಪುಟವನ್ನು ಓಂಕಾರಮೂರ್ತಿ ಹಿಂದೆ ಮುಂದೆ ತಿರುಗಿಸಿ, ಖಾಲಿ ಹಾಳೆಯನ್ನು ಮಡಿಸುವ ಹಾಗೆ ಮಡಿಸಿ ಜೇಬಿಗಿಟ್ಟುಕೊಂಡ.

ಮನೆಯಲ್ಲಿ ಅವನ ತಾಯಿ ಕಲ್ಲಮ್ಮ ಕಾದು ಕುಳಿತಿದ್ದರು.

"ಎಷ್ಟು ಬಂತು ಮಗ, ಕೂಸಿಗೆ?"

"ಎಷ್ಟೂ ಇಲ್ಲ ಕಣವ್ವ. ಕಲೀತಾ ಅವ್ಳೆ ಅಂತ ಬರ್ದವ್ರೆ."

"ಅದನ್ನ ಹೇಳಾಕೆ ಫೀಜು ಕಟ್ಟಬೇಕಾ? ಕಲೀತಾ ಅವ್ಳೆ ಅಂತ ನಂಗೂ ಗೊತ್ತು."

ಹೆಂಡತಿ ಸಂಗೀತಾ ಒಲೆ ಮುಂದಿನಿಂದ ಎದ್ದು ಬಂದಳು. "ಕೊಡ್ರೀ ಇಲ್ಲಿ, ನಾನ್ ಓದ್ತೀನಿ. ಈ ನಡುವೆ ಅವ್ಳು ಟಿವಿಗೆ ಮೂಗು ಒತ್ತಿಕೊಂಡು ನಿಂತ್ಕತಾಳೆ. ಮಿಸ್ಸು ಏನಾದ್ರೂ ಬರ್ದಿರಬಹುದು."

"ಅದು ಆಸಕ್ತಿ ಕಣೇ, ಆಸಕ್ತಿ! ಮೊದ್ಲು ಮಾರ್ಕ್ಸಿನ ಕಥೆ ಮುಗೀಲಿ, ಆಮೇಲೆ ಓದೀವಂತೆ."

ಮಾರ್ಕ್ಸಿನ ಕಥೆ ಅಷ್ಟು ಅರ್ಜೆಂಟಾಗಲು ಕಾರಣವಿತ್ತು. ನಮ್ಮ ಹೋಬಳಿಯಲ್ಲಿ ಪ್ರತಿಭಾ ಪುರಸ್ಕಾರ ಸಮಿತಿ ಎಂಬುದೊಂದಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಬಹುಮಾನದ ಕಪ್ಪು ಕೊಟ್ಟು, ಅವರಿಗಿಂತ ಹೆಚ್ಚಾಗಿ ಅಪ್ಪಂದಿರ ಫೋಟೋ ತೆಗೆಸುತ್ತದೆ. ನಿವೃತ್ತ ಗ್ರಾಮಲೆಕ್ಕಿಗ ಈರಭದ್ರಪ್ಪ ಅದರ ಅಧ್ಯಕ್ಷರು. "ಈ ಸಲ ನನ್ನ ಮಗಳಿಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಇಡ್ಸಿರಿ," ಎಂದು ಓಂಕಾರಮೂರ್ತಿ ಜೂನ್ ತಿಂಗಳಲ್ಲೇ ಹತ್ತು ಜನರ ಎದುರು ಅವರಿಗೆ ಹೇಳಿಬಿಟ್ಟಿದ್ದ. ಅರ್ಜಿ ನಮೂನೆಯ ಐದನೇ ಕಲಮಿನಲ್ಲಿ 'ಶೇಕಡಾವಾರು ಅಂಕ' ಎಂದಿತ್ತು. ಕಲಮು ಖಾಲಿ ಬಿಟ್ಟ ಅರ್ಜಿಯನ್ನು ಈರಭದ್ರಪ್ಪನವರು ತಮ್ಮ ಸರ್ವೀಸಿನಲ್ಲಿ ಒಮ್ಮೆಯೂ ತೆಗೆದುಕೊಂಡವರಲ್ಲ.

ಒಂದು ದಿನ ಪೂರ್ತಿ ಯೋಚಿಸಿ ಓಂಕಾರಮೂರ್ತಿ ಒಂದು ತೀರ್ಮಾನಕ್ಕೆ ಬಂದ. ಮಾರ್ಕ್ಸು ಇದೆ. ಆದರೆ ಶಾಲೆಯವರು ಬಾಯಿಬಿಟ್ಟು ಹೇಳುತ್ತಿಲ್ಲ.

ಇದು ಅವನಿಗೆ ಹೊಸದಾಗಿರಲಿಲ್ಲ. ದನದ ವ್ಯಾಪಾರದಲ್ಲಿ ರೇಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನೂರು ಜನ ನಿಂತಿದ್ದರೂ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಾಗುವುದಿಲ್ಲ. ಮಾನ ಮರ್ಯಾದೆಯ ವ್ಯವಹಾರ.

ಮಾರನೆಯ ಬೆಳಿಗ್ಗೆ ಅವನು ಒಗೆದ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಬೈಕಿಗೆ ಹತ್ತಿಸಿಕೊಂಡ. ಹೆಡ್‌ಮಾಸ್ಟರ್ ರುದ್ರಮೂರ್ತಿಯವರು ಬಹಳ ಸಭ್ಯಸ್ಥರು. ಎರಡು ವರ್ಷದ ಹಿಂದೆ ಯಾವುದೋ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿ ಬಂದಾಗಿನಿಂದ, ಯಾರೇ ಬಂದರೂ ಎದ್ದು ನಿಂತು ಎರಡೂ ಕೈಯಿಂದ ಕೈ ಕುಲುಕುತ್ತಾರೆ.

ಓಂಕಾರಮೂರ್ತಿ ಬಾಗಿಲು ಹಾಕಿ, ಬಲಗೈ ಮೇಲೆ ಟವೆಲ್ ಇಳಿಬಿಟ್ಟು, ಮೇಜಿನ ಮೇಲೆ ಚಾಚಿದ.

"ಸಾರ್, ನೀವು ಬಾಯಲ್ಲಿ ಏನೂ ಹೇಳ್ಬೇಡಿ. ನಿಮ್ಮ ರೂಲ್ಸು ನಂಗೆ ಗೊತ್ತಾಯ್ತು. ಎರಡನೇ ಕ್ಲಾಸು, ನಿಶ್ಚಿತಾ. ಹಿಡೀರಿ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಪೋಷಕರ ಕೈಗೆ ಗಾಯವಾಗಿರಬೇಕು, ಪಾಪ, ಆದರೂ ಕೈ ಕುಲುಕಲು ಬಂದಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು. ಮೆಲ್ಲಗೆ ಟವೆಲ್ಲಿನೊಳಗೆ ಕೈ ತೂರಿಸಿ, ಬಲಗೈಯಿಂದ ಹಿಡಿದು, ಎಡಗೈಯನ್ನು ಮೇಲೆ ಇಟ್ಟು, ಬಿಡುವ ಮುಂಚೆ ಆತ್ಮೀಯವಾಗಿ ಇನ್ನೊಂದು ಸಲ ಒತ್ತಿದರು. "ಸಂತೋಷ, ಓಂಕಾರಮೂರ್ತಿಯವರೇ, ಬಹಳ ಸಂತೋಷ."

ಹೊರಗೆ ಬಂದ ಓಂಕಾರಮೂರ್ತಿಯ ಮುಖ ನೋಡಬೇಕಿತ್ತು.

"ಮೊದ್ಲು ಐದು ಬೆರಳು ಹಿಡಿದ್ರು. ಮೇಲಿಂದ ನಾಲ್ಕು ಇಟ್ರು, ಹೆಬ್ಬೆಟ್ಟು ಸೇರಿಸ್ಲಿಲ್ಲ. ಐದು ನಾಲ್ಕು ಒಂಬತ್ತು, ಅಂದ್ರೆ ತೊಂಬತ್ತು. ಕೊನೇಲಿ ಮತ್ತೆ ಐದು ಒತ್ತಿದ್ರು. ತೊಂಬತ್ತೈದು ಕಣೋ! ಅದೂ ಸಂತೋಷ ಅಂತ ಬೇರೆ ಅಂದ್ರು!"

ಅಷ್ಟಕ್ಕೆ ಸುಮ್ಮನೆ ಬರಬಹುದಿತ್ತು. ಆದರೆ ಎರಡನೇ ತರಗತಿಯ ಕಿಟಕಿಯಲ್ಲಿ ಇಣುಕಿದವನಿಗೆ ಮಗಳು ಮೊದಲನೇ ಬೆಂಚಿನಲ್ಲಿ ಕೂತಿರುವುದು ಕಾಣಿಸಿತು. ಅವನು ಓದುವ ಕಾಲದಲ್ಲಿ ಮೇಷ್ಟ್ರ ಕೈಗೆ ಸಿಗಲಿ ಎಂದು ದಡ್ಡರನ್ನು ಮುಂದೆ ಕೂರಿಸುತ್ತಿದ್ದರು. ಅವನಿಗೆ ಆ ಬೆಂಚಿನ ಪರಿಚಯ ಚೆನ್ನಾಗಿಯೇ ಇತ್ತು.

"ಏನ್ ಮಿಸ್ ಇದು? ತೊಂಬತ್ತೈದು ತಗಂಡ ಹುಡ್ಗೀನ ದಡ್ಡರ ಬೆಂಚಲ್ಲಿ ಕೂರ್ಸಿದೀರಲ್ಲ!"

"ಸಾರ್, ಯಾವ ತೊಂಬತ್ತೈದು? ನೀವು ನಾಲ್ಕನೇ ಪುಟ ಓದಿದ್ರಾ?"

"ಒಟ್ಟು ಗೊತ್ತಾದ್ಮೇಲೆ ಪುಟದ ಮಾತ್ಯಾಕೆ ಮಿಸ್? ಮೊದ್ಲು ಹಿಂದಕ್ಕೆ ಕೂರ್ಸಿ. ಇಲ್ಲಾಂದ್ರೆ ಟೀಸಿ ಕೊಡಿ, ಕಡೂರಿಗೆ ಸೇರಿಸ್ತೀನಿ."

ಟೀಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ಹೆಡ್‌ಮಾಸ್ಟರು ಓಡಿಬಂದು ಅವನು ಹೇಳಿದ ಹಾಗೇ ಮಾಡಿಸಿದರು. ನಿಶ್ಚಿತಾ ಚೀಲ ಎತ್ತಿಕೊಂಡು, ಬೆಂಚುಗಳನ್ನು ಕೈಯಿಂದ ಮುಟ್ಟಿ ಎಣಿಸುತ್ತಾ ಕೊನೆಯ ಬೆಂಚಿಗೆ ಹೋದಳು. ಓಂಕಾರಮೂರ್ತಿ ಅದನ್ನು ಗಾಂಭೀರ್ಯದ ನಡಿಗೆ ಎಂದು ವರ್ಣಿಸಿದ.

ಹೆಡ್‌ಮಾಸ್ಟರು ಟವೆಲ್ಲಿನಡಿ ಮಾರ್ಕ್ಸು ಹೇಳುತ್ತಾರೆ ಎಂಬ ಗುಟ್ಟನ್ನು ಓಂಕಾರಮೂರ್ತಿ ಸಿದ್ದಲಿಂಗೇಶನೊಬ್ಬನಿಗೆ, ಆಣೆ ಹಾಕಿಸಿಕೊಂಡು ಹೇಳಿದ. ಮರುದಿನ ಶಾಲೆಯ ವರಾಂಡದಲ್ಲಿ ಏಳು ಅಪ್ಪಂದಿರು ಟವೆಲ್ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬ ಪ್ಯಾಂಟು ಶರ್ಟಿನವನಿಗೆ ಟವೆಲ್ ಇಲ್ಲದೆ, ಹೋಟೆಲಿನಿಂದ ಟೇಬಲ್ ಒರೆಸುವ ಬಟ್ಟೆ ಕಡ ತಂದಿದ್ದ. ಅದರ ಮರುದಿನ ಇನ್ನೂ ಒಂಬತ್ತು ಜನ. ರುದ್ರಮೂರ್ತಿಯವರು ಎಲ್ಲರಿಗೂ ಒಂದೇ ಸಮನೆ, ಎರಡೂ ಕೈಯಿಂದ, ಕೊನೆಗೊಂದು ಒತ್ತು ಸೇರಿಸಿ ಕುಲುಕಿದರು. ಸ್ಟಾಫ್ ರೂಮಿನಲ್ಲಿ, "ಹೊಸ ಪ್ರಗತಿ ಪತ್ರದಿಂದ ಪೋಷಕರ ಜೊತೆಗಿನ ಸಂಬಂಧ ಎಷ್ಟು ಸುಧಾರಿಸಿದೆ ನೋಡಿ," ಅಂದರಂತೆ.

ಕೊನೆಗೆ ಬಂದವರು ಸುಲೋಚನಮ್ಮ, ಅದೇ ತರಗತಿಯ ಮೊಮ್ಮಗನ ಪರವಾಗಿ. ಹೆಂಗಸರ ಕೈ ಕುಲುಕುವುದು ಹೇಗೆಂದು ಶಿಬಿರದಲ್ಲಿ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಸುಲೋಚನಮ್ಮ ಬೆರಳು ಎಣಿಸಿದರು. ಹತ್ತು! ನೂರಕ್ಕೆ ನೂರು!

ಇದರಿಂದ ಊರಿನಲ್ಲಿ ದೊಡ್ಡ ರಾದ್ಧಾಂತವಾಯಿತು.

"ನಮಸ್ಕಾರ ಲೆಕ್ಕಕ್ಕಿಲ್ಲ ಕಣಮ್ಮೋ," ಎಂದು ಸಿದ್ದಲಿಂಗೇಶ ಟೀ ಅಂಗಡಿಯಲ್ಲಿ ನಿಂತು ವಾದಿಸಿದ. "ಕೈ ಹಿಡಿದು ಕೊಟ್ಟಿದ್ದೇ ಮಾರ್ಕ್ಸು. ಕೈ ಮುಗಿದಿದ್ದು ಮರ್ಯಾದೆ."

"ನಿನ್ ಮಗನಿಗೆ ಮರ್ಯಾದೆನೂ ಸಿಗ್ಲಿಲ್ವಲ್ಲ, ಅದ್ಕೇ ಹೊಟ್ಟೆಕಿಚ್ಚು," ಅಂದರು ಸುಲೋಚನಮ್ಮ.

ಸಮಿತಿಗೆ ಹದಿನೆಂಟು ಅರ್ಜಿ ಬಂದವು. ಹದಿನೇಳರಲ್ಲಿ ತೊಂಬತ್ತೈದು, ಒಂದರಲ್ಲಿ ನೂರು. ಇರುವುದೊಂದೇ ಕಪ್ಪು. ಈರಭದ್ರಪ್ಪನವರು ಕನ್ನಡಕ ಏರಿಸಿ ಇಳಿಸಿ ನೋಡಿ, "ಈ ಹೋಬಳೀಲಿ ನಲವತ್ತು ವರ್ಷದಿಂದ ಹಿಂಗೆ ಎಲ್ಲಾ ಜಮೀನೂ ಒಂದೇ ಅಳತೆ ಬಂದಿದ್ದಿಲ್ಲ. ಎಲ್ಲೋ ಅಳೆಯೋ ಸರಪಳೀನೇ ತಪ್ಪೈತೆ," ಅಂದರು. ಮಕ್ಕಳನ್ನೇ ಪರೀಕ್ಷೆ ಮಾಡಿ ಬೆಲೆ ಕಟ್ಟುವ ಕೆಲಸ ಸಮಾರಂಭದ ದಿನ ಸಭೆಯ ಎದುರೇ ಆಗಲಿ ಎಂದು ತೀರ್ಪು ಕೊಟ್ಟರು.

ಭಾನುವಾರ ಬೆಳಿಗ್ಗೆ ಅಜ್ಜಂಪುರದ ಸಮುದಾಯ ಭವನ ತುಂಬಿತ್ತು. ಹೆಡ್‌ಮಾಸ್ಟರು ವೇದಿಕೆಯ ಮೇಲಿದ್ದರು. ಮಾನಸ ಮಿಸ್ಸು ರಜೆಯಾದರೂ ತರೀಕೆರೆಯಿಂದ ಬಂದು ಗೋಡೆ ಪಕ್ಕ ಕೂತಿದ್ದಳು. ಓಂಕಾರಮೂರ್ತಿ ಹೊಸ ಪಂಚೆ ಉಟ್ಟು, ಪ್ರಗತಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಮಗಳ ಕುರ್ಚಿಯ ಪಕ್ಕ ಕೂತಿದ್ದ. ಯಾರಾದರೂ ದಾಖಲೆ ಕೇಳಿದರೆ ತೋರಿಸಲು ಅದನ್ನು ತಂದಿದ್ದ.

ಪರೀಕ್ಷೆ ಸುಲಭದ್ದು. ಮಕ್ಕಳು ಭವನದ ಬಾಗಿಲ ಬಳಿ ನಿಂತು, ವೇದಿಕೆಯ ಹಿಂದೆ ಕಟ್ಟಿದ ಫ್ಲೆಕ್ಸಿನಲ್ಲಿರುವುದನ್ನು ಓದಬೇಕು. ಸಿದ್ದಲಿಂಗೇಶನ ಮಗ ಎರಡು ಸಾಲು ಓದಿ ಮೂರನೆಯದರಲ್ಲಿ ತಡವರಿಸಿದ. ಸುಲೋಚನಮ್ಮನ ಮೊಮ್ಮಗ ಮೈಕಿಗೆ ಹೆದರಿ ಅತ್ತ. ಆಮೇಲೆ ನಿಶ್ಚಿತಾಳನ್ನು ಕರೆದರು.

ಅವಳು ಬಾಗಿಲ ಬಳಿ ನಿಂತಳು. ಕಣ್ಣು ಕಿರಿದು ಮಾಡಿದಳು.

"ಓದಮ್ಮ, ಅಲ್ಲಿ ಏನ್ ಬರೆದೈತೆ?" ಅಂದರು ಈರಭದ್ರಪ್ಪನವರು.

"ಎಲ್ಲಿ ತಾತ?"

ಸಭೆ ಗೊಳ್ಳೆಂದು ನಕ್ಕಿತು. ಅವಳು ಅಳಲಿಲ್ಲ. ಕತ್ತು ಮುಂದಕ್ಕೆ ಚಾಚಿಕೊಂಡು, ಒಂದೊಂದೇ ಹೆಜ್ಜೆ ಅಳೆದು ಇಡುತ್ತಾ, ಕುರ್ಚಿಗಳ ನಡುವೆ ನಡೆದುಬಂದಳು. ಕಾಲಿನಿಂದ ತಡವಿ ಮೆಟ್ಟಿಲು ಹತ್ತಿದಳು. ಅತಿಥಿಗಳ ಹಿಂದೆ ನುಸುಳಿ, ಫ್ಲೆಕ್ಸಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಅಲ್ಲಿಂದ ಗಂಟೆ ಬಾರಿಸಿದ ಹಾಗೆ ಓದಿದಳು. ಸಮಿತಿಯ ಹೆಸರು ಓದಿದಳು, ಅಧ್ಯಕ್ಷರ ಹೆಸರು ಓದಿದಳು, ದಾನಿಗಳ ಹೆಸರುಗಳನ್ನೆಲ್ಲ ಓದಿದಳು, ಅಡಿಯಲ್ಲಿ ಇರುವೆಯಷ್ಟು ಚಿಕ್ಕದಾಗಿದ್ದ ಪ್ರಿಂಟರಿನವನ ಫೋನ್ ನಂಬರನ್ನೂ ಬಿಡಲಿಲ್ಲ. ಒಂದೂ ತಪ್ಪಿಲ್ಲ. ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು.

ಓಂಕಾರಮೂರ್ತಿ ನಗಲೂ ಇಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅವನು ಓದನ್ನು ಕೇಳಿರಲೇ ಇಲ್ಲ, ನಡಿಗೆಯನ್ನು ನೋಡಿದ್ದ. ಆ ನಡಿಗೆ ಅವನಿಗೆ ಗೊತ್ತಿತ್ತು. ಜೇಬಿನಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ನಾಲ್ಕನೇ ಪುಟವನ್ನು ಮೊದಲ ಸಲ ಓದಿದ. ಮತ್ತೆ ಓದಿದ. ಈ ಸಲ ಒಂದೊಂದು ಪದದ ಮೇಲೂ ಬೆರಳಿಟ್ಟು. ಈ ಮಾರ್ಕ್ಸಿನ ಹುಚ್ಚಿಗೆ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಆ ಬೆರಳು ನೋಡಿ ಇಳಿದುಹೋಯಿತು.

"ಬೀರಪ್ಪನ ಕರು ಇಪ್ಪತ್ತು ಹೆಜ್ಜೇಲಿ ಹಿಡಿದೆ ಕಣೋ," ಅಂದ ನನಗೆ. "ಇವ್ಳು ಏಳು ವರ್ಷದಿಂದ ನನ್ನ ತೊಡೆ ಮೇಲೆ ಕೂತವ್ಳೆ. ಕಾಣ್ಲಿಲ್ಲವಲ್ಲೋ ನಂಗೆ."

ಆಮೇಲೆ ಎದ್ದು ಮಾನಸ ಮಿಸ್ಸಿನ ಮುಂದೆ ಹೋಗಿ ನಿಂತ. "ಮಿಸ್, ನೀವು ಬರ್ದಿದ್ರಿ. ನಾನು ಓದ್ಲಿಲ್ಲ. ಮೇಲಿಂದ ಹಿಂದಿನ ಬೆಂಚಿಗೆ ಹಾಕಿಸ್ದೆ. ಬೈರಿ ನಂಗೆ."

"ಬೈಯೋದೇನಿಲ್ಲ ಸಾರ್. ನಾಳೆ ಡಾಕ್ಟರಿಗೆ ತೋರಿಸಿ. ಬೆಂಚು ನನಗೆ ಬಿಡಿ," ಅಂದಳು ಮಿಸ್ಸು.

ಅಷ್ಟರಲ್ಲಿ ಈರಭದ್ರಪ್ಪನವರು ಮೈಕಿನಲ್ಲಿ, "ತೊಂಬತ್ತೈದು ಅಂಕ ಪಡೆದ ಕುಮಾರಿ ನಿಶ್ಚಿತಾ..." ಎಂದು ಶುರುಮಾಡಿದ್ದರು. ಓಂಕಾರಮೂರ್ತಿ ಹೋಗಿ ಮೈಕು ಕಿತ್ತುಕೊಂಡ.

"ತೊಂಬತ್ತೈದೂ ಇಲ್ಲ, ಗಿಂಬತ್ತೈದೂ ಇಲ್ಲ. ಟವೆಲ್ ಕೆಳಗೆ ಹೆಡ್‌ಮಾಸ್ಟ್ರು ಕೈ ಕುಲುಕಿದ್ದನ್ನ ನಾನೇ ಲೆಕ್ಕ ಹಾಕ್ಕಂಡೆ. ನಿಮ್ಮದೂ ಅಷ್ಟೇ ಕಣ್ರೋ. ಒಂದು ಕರು ತಗಳೋವಾಗ ಹಲ್ಲು ಬೇರೆ, ಗೊರಸು ಬೇರೆ, ಕಣ್ಣು ಬೇರೆ ನೋಡ್ತೀವಿ. ನೂರಕ್ಕೆ ಎಷ್ಟು ಅಂತ ಕೇಳ್ತೀವಾ? ಮಿಸ್ಸು ನಮ್ಮ ಮಕ್ಕಳನ್ನ ಹಂಗೆ ನೋಡಿ ಬರ್ದವ್ರೆ. ಮನೇಗ್ ಹೋಗಿ ನಾಲ್ಕನೇ ಪುಟ ಓದಿ."

ವೇದಿಕೆಯ ಮೇಲೆ ರುದ್ರಮೂರ್ತಿಯವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಬೆನ್ನ ಹಿಂದೆ ಇಟ್ಟುಕೊಂಡರು. ಸಭೆಯಲ್ಲಿ ಹದಿನೇಳು ಕಾಗದಗಳು ಜೇಬಿನಿಂದ, ಪರ್ಸಿನಿಂದ, ಬ್ಲೌಸಿನಿಂದ ಹೊರಬಂದವು. ಸಿದ್ದಲಿಂಗೇಶನದು ಜೋರು ಗಂಟಲು, ಓದಿದ್ದು ಎಲ್ಲರಿಗೂ ಕೇಳಿತು: "ಚುರುಕಾದ ಹುಡುಗ. ಮನೆಪಾಠವನ್ನು ತಂದೆಯವರು ಬರೆದುಕೊಡುವುದನ್ನು ನಿಲ್ಲಿಸಬೇಕು. ಅವರ ಕಾಗುಣಿತದ ತಪ್ಪುಗಳು ಮಗನಿಗೂ ಬರುತ್ತಿವೆ."

ಕಪ್ಪನ್ನು ಈರಭದ್ರಪ್ಪನವರು ಮುಂದಿನ ವರ್ಷಕ್ಕೆಂದು ಬೀರುವಿನಲ್ಲಿಟ್ಟರು.

ತರೀಕೆರೆಯ ಕಣ್ಣಿನ ಡಾಕ್ಟರು ನಿಶ್ಚಿತಾಳಿಗೆ ಕನ್ನಡಕ ಬರೆದುಕೊಟ್ಟರು. ಹಾಕಿಕೊಂಡ ದಿನ ಅವಳು ತಮ್ಮ ಜಗುಲಿಯಲ್ಲಿ ನಿಂತು ಕೆರೆ ಏರಿಯ ಮೇಲಿನ ಮರಗಳನ್ನು ಒಂದೊಂದಾಗಿ ಎಣಿಸಿದಳು. "ಅಪ್ಪಾ, ಎಲೆ ಬಿಡಿಬಿಡಿಯಾಗಿ ಕಾಣ್ತವೆ," ಅಂದಳು. ಓಂಕಾರಮೂರ್ತಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ. ಸಂಗೀತಾ ಒಂದು ವಾರ ಅವನಿಗೆ ಕಾಫಿಗೆ ಸಕ್ಕರೆ ಹಾಕಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ಊರಿಗೆ ಬುದ್ಧಿ ಬಂತೆಂದು ನೀವು ತಿಳಿದರೆ ನಮ್ಮ ಊರು ನಿಮಗೆ ಗೊತ್ತಿಲ್ಲ.

ಮೊನ್ನೆ ಎರಡನೇ ಅವಧಿಯ ಪ್ರಗತಿ ಪತ್ರ ಬಂತು. ಓಂಕಾರಮೂರ್ತಿ ಜಗುಲಿಯ ಮೇಲೆ ಕೂತು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾಲ್ಕನೇ ಪುಟವನ್ನು ಬೆರಳಿಟ್ಟು ಓದುತ್ತಿದ್ದ. ಸಿದ್ದಲಿಂಗೇಶ ಬೀದಿಯ ಆ ತುದಿಯಿಂದ ಬಂದು, ಆಚೀಚೆ ನೋಡಿ, ಓಂಕಾರಮೂರ್ತಿಯ ಟವೆಲ್ಲಿನ ಕೆಳಗೆ ಕೈ ತೂರಿಸಿದ.

"ಸಭೇಲಿ ಹೇಳಿದ್ದು ಸಭೆಗಾಯ್ತು ಓಂಕಾರಿ. ನಂಗೊಬ್ಬನಿಗೆ ಹೇಳು. ಒಟ್ಟು ಎಷ್ಟು?"

ಓಂಕಾರಮೂರ್ತಿ ಟವೆಲ್ ಎಳೆದುಕೊಂಡು, ಮಗಳ ಕನ್ನಡಕ ಬಿಚ್ಚಿ, ಅದರಿಂದಲೇ ನಿಧಾನವಾಗಿ ಒರೆಸಿ ಮತ್ತೆ ಅವಳ ಮೂಗಿನ ಮೇಲಿಟ್ಟ. ಸಿದ್ದಲಿಂಗೇಶನ ಕೈ ಚಾಚಿದ ಹಾಗೇ ಉಳಿಯಿತು. ನಿಶ್ಚಿತಾಳಿಗೆ ಅದು ಈಗ ಸ್ಪಷ್ಟವಾಗಿ ಕಾಣಿಸಿತು. ದೊಡ್ಡವರು ಕೈ ಚಾಚಿದರೆ ಏನು ಮಾಡಬೇಕೆಂದು ಹೆಡ್‌ಮಾಸ್ಟರನ್ನು ನೋಡಿ ಅವಳು ಕಲಿತಿದ್ದಳು. ಬಲಗೈಯಿಂದ ಹಿಡಿದು, ಎಡಗೈಯನ್ನು ಮೇಲೆ ಇಟ್ಟು, ಬಿಡುವ ಮುಂಚೆ ಇನ್ನೊಂದು ಸಲ ಒತ್ತಿದಳು.

ಸಿದ್ದಲಿಂಗೇಶ ತುಟಿ ಅಲ್ಲಾಡಿಸುತ್ತಾ, ಬೆರಳು ಮಡಿಸುತ್ತಾ ಮನೆ ಕಡೆ ಹೋದ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು, ನಿಶ್ಚಿತಾಳಿಗೆ ಈ ಸಲವೂ ತೊಂಬತ್ತೈದು.